ಹಳೆಯ ಕಂಪ್ಯೂಟರಿಗೆ ಹೊಸ ಪ್ರೊಸೆಸರ್: ಲ್ಯಾಮಿಂಗ್ಟನ್ ರೋಡಿಗೆ ಹೊರಡುವ ಮುನ್ನ

ಮುಂಬೈಯ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಪ್ರೊಸೆಸರ್ ಕೇಳಿದರೆ, ‘ಬೋರ್ಡ್ ಕೌನ್ಸಾ ಹೈ?’ (ಮದರ್‌ಬೋರ್ಡ್ ಯಾವುದು?) ಎಂಬ ಪ್ರಶ್ನೆ ಮೊದಲು ಬರುತ್ತದೆ. ಉತ್ತರವನ್ನು ಮನೆಯಲ್ಲೇ ಹುಡುಕಿಕೊಂಡು ಹೋಗಿ. ವಿಂಡೋಸ್ ಕೀ ಜತೆ ಆರ್ ಒತ್ತಿ, ‘ಎಂಎಸ್‌ಇನ್ಫೋ32’ (msinfo32) ಟೈಪ್ ಮಾಡಿ ಎಂಟರ್ ಒತ್ತಿದರೆ ಮದರ್‌ಬೋರ್ಡಿನ ಮಾಡೆಲ್, ಬಯೋಸ್ (ಆನ್ ಮಾಡಿದೊಡನೆ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ವರ್ಷನ್ ಎರಡೂ ಸಿಗುತ್ತವೆ. ಯಾವ ಪ್ರೊಸೆಸರಿಗೆ ಯಾವ ಬಯೋಸ್ ಬೇಕೆಂಬ ಪಟ್ಟಿ ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿರುತ್ತದೆ. ಅಂಗಡಿಯವರ ಮಾತಿಗಿಂತ ಆ ಪಟ್ಟಿಯನ್ನು ನಂಬಿ.

ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ, ಒಂದೇ ಇದ್ದರೆ ಸಾಲದು. ಇಂಟೆಲ್‌ನ 6, 7, 8ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳದ್ದೆಲ್ಲ ಎಲ್‌ಜಿಎ 1151 ಸಾಕೆಟ್ಟೇ. ಆದರೂ ಎಚ್110, ಬಿ250 ಬೋರ್ಡುಗಳು 7ಕ್ಕೇ ನಿಲ್ಲುತ್ತವೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಕೇಳುವುದೋ ಹೆಚ್ಚುಕಡಿಮೆ 8ನೇ ಪೀಳಿಗೆಯಿಂದ ಮೇಲಿನದನ್ನು. ಅಂಥ ಬೋರ್ಡಿಗೆ ಹಳೆಯ ಐ7 ಹುಡುಕಿ ದುಡ್ಡು ಸುರಿಯುವುದು ದಂಡ. ಎಸ್‌ಎಸ್‌ಡಿ (ವೇಗದ ಸ್ಟೋರೇಜ್ ಡ್ರೈವ್) ಹಾಕಿ ಸುಮ್ಮನಾಗಿ.

ಎಎಂಡಿಯ ಎಎಂ4 ಸಾಕೆಟ್ಟಿನ ಬೋರ್ಡ್ ಇರುವವರೇ ಪುಣ್ಯವಂತರು. 2017ರ ಎಷ್ಟೋ ಬಿ350 ಬೋರ್ಡುಗಳು ಬಯೋಸ್ ಅಪ್‌ಡೇಟ್ ಆದ ಮೇಲೆ ರೈಜನ್ 5 5600 ಹಿಡಿಸುತ್ತವೆ, ಹಳೆಯ ಡಿಡಿಆರ್4 ರ‍್ಯಾಮೇ ಸಾಕು. ಒಂದು ಎಚ್ಚರಿಕೆ: 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು 5600ಜಿ ಕೊಳ್ಳಬೇಕು.

ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮುಗಿಸಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಸಾಯಬಹುದು, ಹಾಗಾಗಿ ಯುಪಿಎಸ್ ಇರಲಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಇದ್ದರೆ ಅದರ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ. ಚಿಪ್ ಬದಲಾದಾಗ ಅದನ್ನು ಕೇಳುವುದುಂಟು.

ಬಿಚ್ಚುವ ಮೊದಲು ಹತ್ತು ನಿಮಿಷ ವಿಡಿಯೊ ಓಡಿಸಿ, ಚಿಪ್ಪಿಗೂ ಅದನ್ನು ತಂಪಾಗಿಡುವ ಕೂಲರಿಗೂ ನಡುವಿನ ಹಳೆಯ ಪೇಸ್ಟ್ ಬಿಸಿಗೆ ಮೆತ್ತಗಾಗುತ್ತದೆ. ಆಮೇಲೆ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಕೂಲರಿನ ಸ್ಕ್ರೂ ಅಥವಾ ಕ್ಲಿಪ್ ಬಿಡಿಸಿ. ಕೂಲರನ್ನು ನೇರ ಮೇಲಕ್ಕೆ ಎಳೆಯಬೇಡಿ. ಅತ್ತ ಇತ್ತ ಮೆಲ್ಲಗೆ ತಿರುಗಿಸಿ ಬಿಡಿಸಿ. ಎಎಂ4ರಲ್ಲಿ ಪಿನ್ನುಗಳು ಚಿಪ್ಪಿನ ಅಡಿಗೇ ಇರುವುದರಿಂದ, ಎಳೆದರೆ ಲಾಕ್ ಆಗಿರುವ ಚಿಪ್ಪೂ ಪೇಸ್ಟಿಗೆ ಅಂಟಿಕೊಂಡೇ ಕಿತ್ತು ಬಂದು ಪಿನ್ ಬಗ್ಗುತ್ತವೆ.

ಸಾಕೆಟ್ಟಿನ ಪಕ್ಕದ ಲಿವರ್ ಎತ್ತಿ, ಹಳೆಯ ಚಿಪ್ ತೆಗೆದು, ಹೊಸ ಚಿಪ್ಪಿನ ಮೂಲೆಯ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಡಿ. ಅದು ತಾನಾಗಿ ಕೂರಬೇಕು, ಒತ್ತಬಾರದು. ಲಿವರ್ ಇಳಿಸಿ. ಕೂಲರಿನ ತಳವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಚಿಪ್ಪಿನ ನಡುವೆ ಬಟಾಣಿ ಕಾಳಿನಷ್ಟು ಪೇಸ್ಟ್ ಹಾಕಿ ಕೂಲರ್ ಕೂರಿಸಿ. ಫ್ಯಾನಿನ ವೈರ್ ಸಿಕ್ಕಿಸುವುದು ಮರೆಯಬೇಡಿ.

ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಒಂದೆರಡು ನಿಮಿಷ ಕಪ್ಪಗೇ ಇರಬಹುದು. ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಚಿತ್ರ ಬಂದೊಡನೆ ಬಯೋಸ್‌ಗೆ ಹೋಗಿ ಚಿಪ್ಪಿನ ಹೆಸರು, ಉಷ್ಣಾಂಶ ನೋಡಿ. ಅಲ್ಲೇ 80 ಡಿಗ್ರಿ ದಾಟುತ್ತಿದ್ದರೆ ಕೂಲರ್ ಸರಿಯಾಗಿ ಕೂತಿಲ್ಲ; ಆಫ್ ಮಾಡಿ, ಪೇಸ್ಟ್ ಒರೆಸಿ, ಮತ್ತೆ ಕೂರಿಸಿ.