ಟೆಂತ್ ಹುಡುಗ್ರಿಗೆ ಒತ್ತು ಶಾವಿಗೆ ಊಟ ಹಾಕಿದ್ದು

ಹೋದ ವರ್ಷ ಮಗಳ ಫ್ರೆಂಡ್ಸ್‌ನ ರಾತ್ರಿ ಊಟಕ್ಕೆ ಕರ್ದಾಗ ಪಿಜ್ಜಾ ತರ್ಸಿದ್ದೆ. ಇಪ್ಪತ್ತೇ ನಿಮಿಷಕ್ಕೆ ಡಬ್ಬಿ ಖಾಲಿ, ಆಮೇಲೆ ಮೂಲೆಗೊಬ್ರು ಕೂತು ಮೊಬೈಲ್ ಒತ್ತಿದ್ದೇ ಒತ್ತಿದ್ದು. ಈ ಸಲ ಶಾವಿಗೆ ಒತ್ಲಿ ಅಂತ ಅರಸೀಕೆರೆ ಹತ್ರ ಅತ್ತೆ ಊರಿಂದ ಶಾವಿಗೆ ಒರಳು ತರ್ಸಿದೆ, ಅದೇ ಉದ್ದ ಹಿಡಿ ಇರೋ ಮರದ್ದು, ಬೆಂದ ಅಕ್ಕಿಹಿಟ್ಟಿನ ಉಂಡೆ ಹಾಕಿ ಹಿಡಿ ಒತ್ತಿದ್ರೆ ಕೆಳಗೆ ಶಾವಿಗೆ ಎಳೆ ಬೀಳತ್ತೆ. "ಅಮ್ಮಾ ಮಾನ ತೆಗೀಬೇಡ, ಯಾರಮ್ಮ ತಿಂತಾರೆ ಅದನ್ನ" ಅಂತ ಮಗಳು ಎರಡು ದಿನ ಮುಖ ಊದಿಸ್ಕೊಂಡಿದ್ಲು.

ಬಂದೋರು 14 ಜನ, ಎರಡೂವರೆ ಕೇಜಿ ದೋಸೆ ಅಕ್ಕಿ ಬೆಳಿಗ್ಗೆನೇ ನೆನೆಸಿದ್ದೆ. ನುಣ್ಣಗೆ ರುಬ್ಬಿ, ನೀರು ಉಪ್ಪು ಹಾಕಿ, ಒಲೆ ಮೇಲೆ ಗಂಟಾಗದ ಹಾಗೆ ತಿರುವ್ತಾ ಮುದ್ದೆ ಥರ ಗಟ್ಟಿ ಮಾಡ್ಕೊಂಡು, ಉಂಡೆ ಕಟ್ಟಿ ಇಡ್ಲಿ ಪಾತ್ರೇಲಿ ಬೇಯಿಸೋದು, ಇಷ್ಟು ಮಾತ್ರ ನನ್ ಕೆಲ್ಸ. ಜನವರಿ ಆದ್ರಿಂದ ಹಾಸನದ ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ ಸೊಗಡಿನ ಅವರೆಕಾಯಿ ರಾಶಿ ಬಿದ್ದಿತ್ತು, ಹಿಂದಿನ ದಿನಾನೇ ಬಿಡಿಸಿ ನೆನೆಸಿ ಹಿತುಕಿಟ್ಟು ಅದ್ರದ್ದೇ ಸಾರು ಮಾಡ್ದೆ. ತಿನ್ನೋರಿಗೆ ಕೋಳಿ ಸಾರು, ಸೌಟು ಬೇರೆ ಪಾತ್ರೆ ಬೇರೆ, ಯಾರು ಏನು ತಿನ್ನಲ್ಲ ಅಂತ ಅವ್ರವ್ರ ಅಮ್ಮಂದಿರನ್ನ ಮುಂಚೆನೇ ಕೇಳಿದ್ದೆ, ಒಬ್ಬಳಿಗೆ ಕಡ್ಲೆಕಾಯಿ ಆಗಲ್ಲ ಅಂತ ಗೊತ್ತಾಗಿದ್ದು ಹಾಗೇ. ಜೊತೆಗೆ ಕಾಯಿಹಾಲು, ಬೆಲ್ಲ ಏಲಕ್ಕಿ ಹಾಕಿದ್ದು. ಅದನ್ನ ಕುದಿಸ್ಬಾರ್ದು, ಒಡೆದು ಹೋಗತ್ತೆ, ಬೆಚ್ಚಗಾದ್ರೆ ಸಾಕು.

ಒಂದು ಎಡವಟ್ಟು ಮಾಡ್ಕೊಂಡೆ. ಎಲ್ರೂ ಬರ್ಲಿ ಅಂತ ಮೊದಲ ಸಲದ ಉಂಡೆಗಳನ್ನ ಇಳಿಸಿ ಕಾಯ್ತಾ ಕೂತೆ, ತಣ್ಣಗಾಗಿ ಕಲ್ಲಾಗಿತ್ತು. ಒಬ್ಬ ಹುಡುಗ ಹಿಡಿಗೆ ಜೋತು ಬಿದ್ದ, ಒರಳು ಅವನ ಸಮೇತ ವಾಲ್ಕೊಳ್ತು, ಪುಣ್ಯಕ್ಕೆ ಯಾರಿಗೂ ಏಟಾಗ್ಲಿಲ್ಲ. ಉಂಡೇನ ಮತ್ತೆ ಹಬೇಲಿಟ್ಟು ಬಿಸಿ ಮಾಡಿ, ಒಬ್ಬ ಒರಳಿನ ಕಾಲು ಹಿಡ್ಕೊಂಡು ಇಬ್ರು ಒತ್ತೋದು, ಒಬ್ಳು ಕೆಳಗೆ ತಟ್ಟೆ ತಿರುಗಿಸೋದು ಅಂತ ಅವ್ರೇ ಪಾಳಿ ಮಾಡ್ಕೊಂಡ್ರು. ನಾನು ಅಡುಗೆಮನೆ ಬಾಗಿಲು ದಾಟ್ಲಿಲ್ಲ, ದೊಡ್ಡೋರು ಮಧ್ಯ ಹೋದ್ರೆ ಈ ವಯಸ್ಸಿನೋರು ಬಾಯಿ ಹೊಲ್ಕೊಂಡ್ ಬಿಡ್ತಾರೆ. ಗೇಮ್ಸ್ ಅಂತ ಚೀಟಿ ಬರೆದಿಟ್ಟಿದ್ದೆ, ಒಂದೂ ಬೇಕಾಗ್ಲಿಲ್ಲ. ಯಾರ ಒತ್ತು ತುಂಡಾಗ್ದೆ ಉದ್ದಕ್ಕೆ ಬರತ್ತೆ ಅನ್ನೋದೇ ಪಂದ್ಯ. ಕೈಯೆಲ್ಲ ಎಣ್ಣೆ ಹಿಟ್ಟು, ಮೊಬೈಲ್ ಮುಟ್ಟೋಕೆ ಆಗ್ಬೇಕಲ್ಲ! ಅಲಂಕಾರಕ್ಕೆ ಅಂತ ತಂದ ಬಲೂನಿಗೆ ಕೊಟ್ಟ ದುಡ್ಡು ಮಾತ್ರ ದಂಡ.

ಒಂಬತ್ತಕ್ಕೆ ಕರ್ಕೊಂಡೋಗಿ ಅಂತ ಎಲ್ರಿಗೂ ಮೆಸೇಜ್ ಹಾಕಿದ್ದೆ. ಕರ್ಕೊಂಡು ಹೋಗೋಕೆ ಬಂದ ಒಬ್ರು ಅಪ್ಪ "ಮೇಡಂ, ಒಂದು ಒತ್ತು ನಾನೂ ಒತ್ಲಾ, ನಮ್ಮಜ್ಜಿ ಮನೇಲಿ ಒತ್ತಿದ್ದೇ ಕೊನೆ" ಅಂತ ಶರ್ಟ್ ತೋಳು ಮಡಿಸ್ಕೊಂಡು ನಿಂತೇಬಿಟ್ರು. ಅವ್ರೂ ಊಟ ಮಾಡಿ ಹೊರಡೋ ಹೊತ್ತಿಗೆ ಹತ್ತೂಕಾಲು. ಉಳಿದಿದ್ದು ಎರಡು ತಟ್ಟೆ, ಬೆಳಿಗ್ಗೆ ಅದಕ್ಕೆ ನಿಂಬೆಹಣ್ಣಿನ ಒಗ್ಗರಣೆ ಕೊಟ್ಟೆ, ಮಗಳು ಕೇಳ್ದೇನೇ ಡಬ್ಬಿಗೂ ಹಾಕ್ಕೊಂಡ್ಲು.