ಗಪ್ಪಿ ಮರಿಗಳು ಹಸಿವಿಗಿಂತ ಊಟಕ್ಕೇ ಜಾಸ್ತಿ ಸಾಯೋದು

ನಮ್ಮನೇಗೆ ಗಪ್ಪಿ ಮೀನು ಬಂದಿದ್ದು ಮೊಮ್ಮಗನ ಹಟಕ್ಕೆ, ಈಗ ಅವನು ಹಾಸ್ಟೆಲ್ ಸೇರಿದಾನೆ, ಮೀನು ನನ್ನ ಕೊರಳಿಗೆ ಬಿದ್ದಿದೆ. ಶುರುವಿನಲ್ಲಿ ಎಷ್ಟು ಮರಿ ಕಳ್ಕೊಂಡೆನೋ ಲೆಕ್ಕವಿಲ್ಲ, ಅದಕ್ಕೇ ಹೇಳ್ತಿದೀನಿ.

ಗಪ್ಪಿ ಮೊಟ್ಟೆ ಇಡಲ್ಲ, ಮರೀನೇ ಹಾಕತ್ತೆ, ಹೆಚ್ಚುಕಮ್ಮಿ ತಿಂಗಳಿಗೊಂದು ಬಾಣಂತನ. ಹೊಟ್ಟೆಯ ಹಿಂದುಗಡೆ ಇರೋ ಮಚ್ಚೆ ಕಪ್ಪಗಾಗಿ ಹೊಟ್ಟೆ ಚೌಕಕ್ಕೆ ತಿರುಗಿದ್ರೆ ದಿನ ತುಂಬಿದೆ ಅಂತ. ಹೆತ್ತ ತಾಯೀನೇ ಮರೀನ ಗುಳುಂ ಮಾಡ್ತಾಳೆ ಕಣ್ರೀ, ಮೊದಲ್ನೇ ಸಲ ನೋಡಿ ನಂಗೆ ಆವತ್ತು ಊಟ ಸೇರಲಿಲ್ಲ. ಹೆರಿಗೆಗೆ ಅಂತ ಅಂಗಡೀಲಿ ಸಿಗೋ ಪ್ಲಾಸ್ಟಿಕ್ ಡಬ್ಬಿ ತೀರಾ ಇಕ್ಕಟ್ಟು, ಬಸುರಿ ಮೀನು ಅದರಲ್ಲಿ ಗಾಬರಿ ಬೀಳತ್ತೆ. ನಾನು ನೀರಿನ ಮೇಲೆ ಅಂತರಗಂಗೆ ಬಿಡ್ತೀನಿ, ಕೆಳಗೆ ಇಳಿಬೀಳೋ ಬೇರಿನ ಗುಂಗುರಲ್ಲಿ ಮರಿ ಬಚ್ಚಿಟ್ಕೊಳತ್ತೆ, ಬೆಳಿಗ್ಗೆ ಲೋಟದಲ್ಲಿ ನೀರು ಸಮೇತ ಮೊಗೆದು ಬೇರೆ ಟ್ಯಾಂಕಿಗೆ ಹಾಕಿದ್ರಾಯ್ತು. ಬಲೆ ಬೇಡ, ಅಷ್ಟು ಎಳೇ ಮೈ ತಡೆಯಲ್ಲ.

ಊಟ ಅಂದ್ರೆ, ದೊಡ್ಡ ಮೀನಿಗೆ ಹಾಕೋ ಕಾಳನ್ನೇ ಕುಟ್ಟಾಣೀಲಿ ಕುಟ್ಟಿ ತೆಳು ಬಟ್ಟೇಲಿ ಜಾಲಿಸಿ ಹಿಟ್ಟು ಮಾಡ್ಕೊಳಿ, ದಿನಕ್ಕೆ ಮೂರು ಸಲ, ಎರಡು ಬೆರಳ ತುದೀಲಿ ಹಿಡಿಯೋಷ್ಟು, ಎರಡು ನಿಮಿಷದಲ್ಲಿ ಖಾಲಿ ಆಗ್ಬೇಕು. ಬೇಯಿಸಿದ ಮೊಟ್ಟೆಯ ಹಳದಿ ಹಾಕಿ ಅಂತ ಎಲ್ರೂ ಹೇಳ್ತಾರೆ, ಮರಿ ಚೆನ್ನಾಗಿ ತಿನ್ನತ್ತೆ ನಿಜ, ಆದ್ರೆ ಒಂಚೂರು ಜಾಸ್ತಿ ಆದ್ರೂ ಸಂಜೆಗೆ ನೀರು ಮಜ್ಜಿಗೆ ಥರ ಆಗಿ ನಾರತ್ತೆ. ನಾನಂತೂ ಬಿಟ್ಟೆ. ಉಳಿದ ಊಟ, ಮೀನಿನ ಕಕ್ಕ ಎಲ್ಲಾ ಕೊಳೆತು ಅಮೋನಿಯಾ ಅನ್ನೋ ವಿಷ ಆಗತ್ತೆ, ಅದು ಕಣ್ಣಿಗೆ ಕಾಣಲ್ಲ, ನೀರು ಕನ್ನಡಿ ಥರ ಇದ್ರೂ ಮರಿ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇರತ್ತೆ.

ಹಂಗಂತ ಪಾತ್ರೆ ತೊಳೆದ ಹಾಗೆ ಟ್ಯಾಂಕ್ ತೊಳೀಬೇಡಿ. ಒಂದು ಹಬ್ಬದ ಹಿಂದಿನ ದಿನ ಮನೆಯೆಲ್ಲಾ ಕ್ಲೀನ್ ಮಾಡೋ ಹುಮ್ಮಸ್ಸಲ್ಲಿ ಕಲ್ಲು, ಗಾಜು, ಫಿಲ್ಟರ್ ಎಲ್ಲಾ ನಲ್ಲಿ ಕೆಳಗಿಟ್ಟು ಗಸಗಸ ಉಜ್ಜಿ ಹೊಸ ನೀರು ತುಂಬಿದೆ, ಬೆಳಿಗ್ಗೆ ಎದ್ದು ನೋಡಿದ್ರೆ ಮೂವತ್ತು ಮರೀಲಿ ಉಳಿದಿದ್ದು ನಾಲ್ಕು. ಆಮೇಲೆ ಗೊತ್ತಾಯ್ತು, ಆ ಅಮೋನಿಯಾ ತಿಂದು ಅರಗಿಸೋ ಬ್ಯಾಕ್ಟೀರಿಯಾ ಇರೋದೇ ಫಿಲ್ಟರಿನ ಸ್ಪಂಜಲ್ಲಿ, ಕಲ್ಲಿನ ಲೋಳೇಲಿ, ಅದು ಕೂತು ಬೆಳೆಯೋಕೆ ತಿಂಗಳ ಮೇಲೇ ಬೇಕು, ನಲ್ಲಿ ನೀರಿನ ಕ್ಲೋರಿನ್ನು ಅದನ್ನೂ ಕೊಲ್ಲತ್ತೆ, ಮೀನಿನ ಕಿವಿರನ್ನೂ ಸುಡತ್ತೆ.

ಈಗ ನಾನು ಮಾಡೋದು ಇಷ್ಟೇ. ಮರಿ ಟ್ಯಾಂಕಿಗೆ ಸ್ಪಂಜ್ ಫಿಲ್ಟರ್, ಮೋಟಾರಿಂದಾದ್ರೆ ಮರೀನೂ ಎಳ್ಕೊಳತ್ತೆ. ಸ್ಪಂಜು ಕೊಳೆಯಾದ್ರೆ ಟ್ಯಾಂಕಿಂದ ತೆಗೆದ ನೀರಲ್ಲೇ ಎರಡು ಸಲ ಹಿಂಡಿ ವಾಪಸ್ ಇಡೋದು. ಎರಡು ದಿನಕ್ಕೊಂದ್ಸಲ ಏರ್ ಪಂಪಿಗೆ ಹಾಕೋವಂಥ ಸಣ್ಣ ಪೈಪಿಂದ ತಳದ ಗಲೀಜು ಎಳೆದು ಐದರಲ್ಲೊಂದು ಪಾಲು ನೀರು ತೆಗೀತೀನಿ, ಬಿಳೀ ಬಕೆಟ್ಟಿಗೇ ಬಿಡಿ, ಜಾರಿ ಬಂದ ಮರಿ ಅದರಲ್ಲಿ ಎದ್ದು ಕಾಣತ್ತೆ. ಹೊಸ ನೀರು ಬಾಯಿ ಅಗಲ ಇರೋ ಬಕೆಟ್ಟಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟಿದ್ದು, ಅವಸರ ಇದ್ರೆ ಅಂಗಡಿಯ ಆಂಟಿ ಕ್ಲೋರಿನ್ ಹನಿ. ಬೋರ್‌ವೆಲ್ ನೀರು ಗಡಸು ಅಂತ ಹೆದರಬೇಡಿ, ಗಪ್ಪಿಗೆ ಅದೇ ಇಷ್ಟ, ಆರ್‌ಓ ನೀರು ಹಾಕಿ ಉಪಚಾರ ಮಾಡೋದೇ ತಪ್ಪು. ತೆಗೆದ ನೀರು ನಮ್ಮ ಮಲ್ಲಿಗೆ ಬಳ್ಳಿಗೆ ಹೋಗತ್ತೆ, ಗೊಬ್ಬರ ಹಾಕಿ ಎಷ್ಟು ಕಾಲ ಆಯ್ತೋ.

ಒಂದು ತಿಂಗಳಾಗೋ ಹೊತ್ತಿಗೆ ಗಂಡು ಹೆಣ್ಣು ಗೊತ್ತಾಗತ್ತೆ, ಬೇರೆ ಮಾಡಿ, ಇಲ್ಲಾಂದ್ರೆ ಮುಂದಿನ ವರ್ಷ ನೆಂಟರಿಗೆಲ್ಲಾ ಮೀನು ಹಂಚ್ತಾ ಕೂರ್ಬೇಕು. ಕೆರೆಗೆ ಮಾತ್ರ ಬಿಡಬೇಡಿ, ಅಲ್ಲಿನ ಮೀನಿಗೆ ಕಂಟಕ.

ಊರಿಗೆ ಹೋಗೋದಿದ್ರೆ ಕುಂಕುಮದ ಪೊಟ್ಟಣ ಕಟ್ಟೋ ಹಾಗೆ ದಿನಕ್ಕೊಂದು ಪೊಟ್ಟಣ ಕಟ್ಟಿ ಪಕ್ಕದ್ಮನೆಯವರಿಗೆ ಕೊಟ್ಟು, ಊಟದ ಡಬ್ಬಿ ಬೀರೂಲಿಟ್ಟು ಬೀಗ ಹಾಕ್ಕೊಂಡು ಹೋಗಿ. ಡಬ್ಬಿ ಕೈಗೆ ಸಿಕ್ತೂಂದ್ರೆ, ಪಾಪ ಹಸಿದಿದೆ ಅಂತ ಸುರಿದೇ ಸುರೀತಾರೆ.