ಮೂಡಲ್ ಕೋರ್ಸಿನೊಳಗೇ ಗ್ರಂಥಾಲಯ ಸಿಗುವಂತೆ ಮಾಡುವುದು ಹೇಗೆ

ಆನ್‌ಲೈನ್ ಪಾಠಗಳ ತಾಣವಾದ ಮೂಡಲ್‌ನಲ್ಲಿ (Moodle) ಕೋರ್ಸು ನಡೆಸುವ ಶಿಕ್ಷಕರು ಗ್ರಂಥಾಲಯದ ಲಿಂಕುಗಳನ್ನು ಅಲ್ಲಿಯೇ ಕೊಡಬಹುದು. ಆದರೆ ಬೆಳಗಾವಿಯ ಕ್ಯಾಂಪಸ್ಸಿನಲ್ಲಿ ತೆರೆಯುವ ಇ-ಜರ್ನಲ್ ಲಿಂಕು ಅಥಣಿಯ ಮನೆಯಿಂದ ಒತ್ತಿದರೆ ದುಡ್ಡು ಕೇಳುತ್ತದೆ. ಹೆಚ್ಚಿನ ಪ್ರಕಾಶಕರು ಕ್ಯಾಂಪಸ್ಸಿನ ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕದ ಗುರುತು ಸಂಖ್ಯೆ) ನೋಡಿ ಒಳಗೆ ಬಿಡುವುದೇ ಇದಕ್ಕೆ ಕಾರಣ. ಹಾಗಾಗಿ ಮೊದಲು ಗ್ರಂಥಪಾಲಕರ ಹತ್ತಿರ ಹೋಗಿ, ಹೊರಗಿನಿಂದ ಪ್ರವೇಶಿಸುವ ವ್ಯವಸ್ಥೆ ಯಾವುದೆಂದು ಕೇಳಿ. ಹೊರಗಿನವರ ಕೋರಿಕೆಯನ್ನು ಸಂಸ್ಥೆಯ ಸರ್ವರ್ ಮೂಲಕ ಕಳಿಸುವ ಈಝಿಪ್ರಾಕ್ಸಿ ತಂತ್ರಾಂಶ ಇದ್ದರೆ ಅದರ ವಿಳಾಸವನ್ನು ಪ್ರತಿ ಲಿಂಕಿನ ಮುಂದೆ ಜೋಡಿಸಬೇಕು. ಸಂಸ್ಥೆಯ ಖಾತೆಯಿಂದಲೇ ಪ್ರಕಾಶಕರ ತಾಣಕ್ಕೆ ಹೋಗಲು ಬಿಡುವ ಇನ್‌ಫೆಡ್ ವ್ಯವಸ್ಥೆ ಇದ್ದರೆ ಸಂಸ್ಥೆಯ ಹೆಸರು ಆರಿಸಿ ಲಾಗಿನ್ ಆಗುವ ಕ್ರಮವನ್ನು ಲಿಂಕಿನ ಕೆಳಗೇ ಬರೆಯಿರಿ.

ಹುಡುಕಾಟದ ಪುಟದ ವಿಳಾಸವನ್ನು ಹಾಗೇ ನಕಲು ಮಾಡಬೇಡಿ. ಅದರಲ್ಲಿ ಆ ಹೊತ್ತಿನ ಸೆಷನ್ (ಒಂದು ಸಲದ ಭೇಟಿಯ) ಗುರುತು ಸೇರಿಕೊಂಡಿದ್ದರೆ ಸ್ವಲ್ಪ ಹೊತ್ತಿಗೇ ಲಿಂಕು ಕೆಲಸ ನಿಲ್ಲಿಸುತ್ತದೆ. ಲೇಖನಕ್ಕೆ ಡಿಒಐ (ಪ್ರತಿ ಲೇಖನಕ್ಕೂ ಇರುವ ಶಾಶ್ವತ ಗುರುತು), ಪುಸ್ತಕಕ್ಕೆ ಗ್ರಂಥಾಲಯ ತಂತ್ರಾಂಶವಾದ ಕೊಹಾ ಕ್ಯಾಟಲಾಗಿನ ದಾಖಲೆ ಸಂಖ್ಯೆಯಿರುವ ವಿಳಾಸ ಬಳಸಿ.

ಮೂಡಲ್‌ನಲ್ಲಿ ಎಡಿಟ್ ಮೋಡ್ ಆನ್ ಮಾಡಿ, ಆಯಾ ವಾರದ ಪಾಠದ ಕೆಳಗೆ ಯುಆರ್‌ಎಲ್ ಸೇರಿಸಿ. ಎಲ್ಲ ಲಿಂಕುಗಳನ್ನೂ ಕೊನೆಗೆ ಗುಡ್ಡೆ ಹಾಕಿದರೆ ಯಾರೂ ನೋಡುವುದಿಲ್ಲ. ತೋರಿಸುವ ವಿಧಾನದಲ್ಲಿ ‘ಎಂಬೆಡ್’ ಬೇಡ: ತಮ್ಮ ಪುಟ ಬೇರೆ ಪುಟದೊಳಗೆ ತೆರೆಯುವುದನ್ನು ಹಲವು ಪ್ರಕಾಶಕರು ತಡೆದಿರುತ್ತಾರೆ, ಖಾಲಿ ಚೌಕ ಮಾತ್ರ ಕಾಣುತ್ತದೆ.

ಪಿಡಿಎಫ್ ಇಳಿಸಿ ಅಪ್‌ಲೋಡ್ ಮಾಡುವುದು ಸುಲಭ, ಆದರೆ ಪರವಾನಗಿ ಮುರಿದಂತಾಗಬಹುದು. ಬಳಕೆಯ ಲೆಕ್ಕವೂ ಪ್ರಕಾಶಕರಲ್ಲಿ ದಾಖಲಾಗುವುದಿಲ್ಲ. ಮುಂದಿನ ವರ್ಷ ಚಂದಾ ಮುಂದುವರಿಸಬೇಕೇ ಎಂಬ ಚರ್ಚೆಯಲ್ಲಿ ಗ್ರಂಥಾಲಯಕ್ಕೆ ಆಧಾರವೇ ಇರುವುದಿಲ್ಲ.

ಕೊನೆಗೆ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ, ವಿದ್ಯಾರ್ಥಿ ಖಾತೆಯಿಂದ ಒಂದೊಂದು ಲಿಂಕನ್ನೂ ಒತ್ತಿ ನೋಡಿ.